ಕಂಪೆನಿಯ ವಿಡಿಯೊ ಭಂಡಾರ

ಮನೆಯ ಉಗ್ರಾಣದಲ್ಲಿ ಯಾವ ಡಬ್ಬಿಯಲ್ಲಿ ಮೆಂತ್ಯವಿದೆ, ಯಾವುದರಲ್ಲಿ ಜೀರಿಗೆಯಿದೆ ಎಂಬುದನ್ನು ಗೃಹಿಣಿಯು ಕತ್ತಲೆಯಲ್ಲಿಯೂ ಬಲ್ಲಳು. ಆಕೆ ನಾಲ್ಕು ದಿನ ತವರಿಗೆ ಹೋದರೆ ಉಳಿದವರು ಒಂದೊಂದು ಮುಚ್ಚಳವನ್ನೂ ತೆಗೆದು ನೋಡಬೇಕಾಗುವುದು. ವಸ್ತುವು ಮನೆಯಲ್ಲಿರುವುದು ಬೇರೆ, ಬೇಕಾದಾಗ ಕೈಗೆ ಸಿಕ್ಕುವುದು ಬೇರೆ. ಇಂದಿನ ಕಂಪೆನಿಗಳಲ್ಲಿ ದಿನದಿನವೂ ಸೇರುತ್ತಿರುವ ವಿಡಿಯೊಗಳ ಸ್ಥಿತಿಯೂ ಇದೇ. ವಾಚಕರ ಮನೆಗಳಲ್ಲಿ ಕಂಪೆನಿಯ ಕೆಲಸಕ್ಕೆ ಹೋಗುವವರು ಒಬ್ಬರಾದರೂ ಇರುವ ಸಂಭವವಿರುವುದರಿಂದ, ಈ ವಿಷಯವಾಗಿ ಎರಡು ಮಾತು ಹೇಳಲು ಉದ್ದೇಶಿಸಿದ್ದೇವೆ.

ನಾವು ಹಿಂದೆ ಒಂದು ಕಾರ್ಖಾನೆಯ ಕಚೇರಿಯಲ್ಲಿದ್ದೆವು. ಅಲ್ಲಿ ಮೂವತ್ತು ವರ್ಷ ಯಂತ್ರಗಳೊಡನೆ ಬಾಳಿದ ಮೇಸ್ತ್ರಿಯೊಬ್ಬರಿದ್ದರು. ಬೇರಿಂಗು ಸವೆದಿದೆಯೇ ಎಂಬುದನ್ನು ಸದ್ದಿನಿಂದಲೇ ಹೇಳಬಲ್ಲವರು. ಅವರು ನಿವೃತ್ತರಾಗುವ ಮೊದಲು, ಹಳೆಯ ಪಂಪೊಂದನ್ನು ಬಿಚ್ಚಿ ಜೋಡಿಸುವ ಕ್ರಮವನ್ನು ಅವರಿಂದಲೇ ಮಾಡಿಸಿ ವಿಡಿಯೊ ತೆಗೆದೆವು. ಅದು ಅವರ ಖಾತೆಯಲ್ಲಿಯೇ ಉಳಿಯಿತು. ವರ್ಷವೊಂದು ಕಳೆದು ಪಂಪು ಕೆಟ್ಟಾಗ ಎಷ್ಟು ಹುಡುಕಿದರೂ ವಿಡಿಯೊ ಸಿಕ್ಕಲಿಲ್ಲ. ಮುಚ್ಚಿದ ಖಾತೆಯೊಡನೆ ಅದೂ ಹೋಗಿತ್ತು. ಹೇಳಿ ಕಳುಹಿಸಿದೆವು. ಮೇಸ್ತ್ರಿಗಳು ಬಂದರು, ಆದರೆ ಅಷ್ಟರಲ್ಲಿ ಅವರ ಕಿವಿ ಮಂದವಾಗಿತ್ತು. “ಆಗಲೇ ಎಲ್ಲವನ್ನೂ ತೋರಿಸಿದ್ದೆನಲ್ಲಾ, ಸ್ವಾಮಿ?” ಎಂದರು. ನಾವು ತಲೆ ತಗ್ಗಿಸಿದೆವು.

ತಪ್ಪು ನಮ್ಮದೇ. ಚಿತ್ರ ತೆಗೆದ ಮಾತ್ರಕ್ಕೆ ವಿದ್ಯೆಯು ಉಳಿಯಿತೆಂದು ಭಾವಿಸಿದ್ದೆವು. ಅನೇಕ ಸಂಸ್ಥೆಗಳು ಬಳಸುವ ಮೈಕ್ರೋಸಾಫ್ಟ್ ಏರ್ಪಾಡನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. 2017ರಲ್ಲಿ ಆರಂಭವಾದ ಸ್ಟ್ರೀಮ್ ಎಂಬ ಪ್ರತ್ಯೇಕ ವಿಡಿಯೊ ತಾಣವು 2024ರ ಏಪ್ರಿಲ್‌ನಲ್ಲಿ ಮುಚ್ಚಲ್ಪಟ್ಟಿತು. ಈಗ ವಿಡಿಯೊಗಳು ಇತರ ಕಡತಗಳಂತೆಯೇ ನೌಕರನ ಸ್ವಂತ ಒನ್‌ಡ್ರೈವ್‌ನಲ್ಲಿಯೋ ಸಂಸ್ಥೆಯ ಷೇರ್‌ಪಾಯಿಂಟ್ ತಾಣದಲ್ಲಿಯೋ ಇರುತ್ತವೆ. ಮೊದಲನೆಯದು ಸ್ವಂತ ಪೆಟ್ಟಿಗೆ. ಎರಡನೆಯದು ಸಾರ್ವಜನಿಕ ಉಗ್ರಾಣ. ಸಂಸ್ಥೆಯು ಬೇರೆ ಕಟ್ಟಳೆ ಮಾಡದಿದ್ದರೆ, ನೌಕರನ ಖಾತೆಯನ್ನು ತೆಗೆದುಹಾಕಿದ ಮೇಲೆ ಅವನ ಪೆಟ್ಟಿಗೆಯನ್ನು 30 ದಿನ ಮಾತ್ರ ಇಟ್ಟಿರುತ್ತಾರೆ. ಟೀಮ್ಸ್ ಸಭೆಗಳ ಮುದ್ರಿಕೆಗೂ ಸಾಮಾನ್ಯವಾಗಿ 120 ದಿನಗಳ ಅವಧಿಯುಂಟು. ಬೇಕಾದವರು ಮುಂಚೆಯೇ ಅದನ್ನು ವಿಸ್ತರಿಸಿಕೊಳ್ಳಬೇಕು.

ಆದುದರಿಂದ ಮೊಟ್ಟಮೊದಲು ಮಾಡತಕ್ಕ ಕೆಲಸವೆಂದರೆ, ಉಳಿಯಬೇಕಾದ ವಿಡಿಯೊವನ್ನು ಸ್ವಂತ ಪೆಟ್ಟಿಗೆಯಿಂದ ತೆಗೆದು ಸಾರ್ವಜನಿಕ ಉಗ್ರಾಣದಲ್ಲಿಡುವುದು. ಎರಡನೆಯದು ಹೆಸರು. “ಹೊಸ ವಿಡಿಯೊ 3” ಎಂಬುದು ಹೆಸರೇ ಅಲ್ಲ. ಯಾವ ಯಂತ್ರ, ಯಾವ ಕೆಲಸ, ಯಾವ ವರ್ಷ ಎಂಬ ಮೂರೂ ಹೆಸರಿನಲ್ಲಿರತಕ್ಕುದು. ಒಂದು ವಿಡಿಯೊದಲ್ಲಿ ಒಂದೇ ಕೆಲಸವಿದ್ದರೆ ನೋಡುವವನಿಗೆ ಬೇಸರವಿಲ್ಲ, ಹುಡುಕುವವನಿಗೆ ಶ್ರಮವಿಲ್ಲ. ದೀರ್ಘವಾದುದನ್ನು ಅಧ್ಯಾಯಗಳಾಗಿ ಗುರುತಿಸಬಹುದು. ಆಡಿದ ಮಾತನ್ನು ಬರಹಕ್ಕಿಳಿಸಿಡುವ ಸೌಕರ್ಯವೂ ಉಂಟು. ಬರಹವು ಜೊತೆಗಿದ್ದರೆ, ಆಡಿದ ಒಂದು ಪದದಿಂದಲೇ ಬೇಕಾದ ಕ್ಷಣವನ್ನು ಹುಡುಕಿ ತೆಗೆಯಬಹುದು. ಕಿವಿ ಕೇಳಿಸದವರಿಗೂ ಅದು ಉಪಕಾರಿ.

ಮೂರನೆಯದು ಯಾರು ನೋಡಬೇಕೆಂಬ ವಿವೇಚನೆ. ಯಂತ್ರ ನಡೆಸುವ ಕ್ರಮವನ್ನು ಎಲ್ಲರೂ ನೋಡಲಿ. ಸಂಬಳದ ಚರ್ಚೆಯನ್ನೂ ವ್ಯಾಪಾರದ ಗುಟ್ಟನ್ನೂ ಸಂಬಂಧಪಟ್ಟವರು ಮಾತ್ರ ನೋಡಲಿ. ಚಿತ್ರದಲ್ಲಿ ಕಾಣಿಸಿಕೊಳ್ಳುವವರ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಮರ್ಯಾದೆ. ಪ್ರತಿಗಳನ್ನು ಹಂಚುವುದಕ್ಕಿಂತ, ಒಂದೇ ಮೂಲವನ್ನಿಟ್ಟು ಅದರ ಕೊಂಡಿಯನ್ನು ಕಳುಹಿಸುವುದು ಲೇಸು. ಇಲ್ಲವಾದರೆ ಹಳೆಯ ಪ್ರತಿಯನ್ನು ನೋಡಿ ಯಾರಾದರೂ ಕೈಗೆ ಪೆಟ್ಟು ಮಾಡಿಕೊಂಡಾರು. ಕಡೆಯದಾಗಿ, ಭಂಡಾರಕ್ಕೆ ಒಬ್ಬ ಭಂಡಾರಿ ಬೇಕು. ವರ್ಷಕ್ಕೊಮ್ಮೆ ಎಲ್ಲವನ್ನೂ ನೋಡಿ, ಬಳಕೆ ತಪ್ಪಿದುದನ್ನು ತೆಗೆದುಹಾಕುವ ಹೊಣೆ ಆತನದು.

ಮೇಸ್ತ್ರಿಗಳು ಅಂದು ನಮ್ಮ ಮೇಲೆ ಮುನಿಯಲಿಲ್ಲ. ಎರಡು ದಿನ ಬಂದು, ಸದ್ದನ್ನು ಕೇಳಲಾರದೆ ಪಂಪಿನ ಮೇಲೆ ಅಂಗೈಯಿಟ್ಟು ಅದರ ನಡುಕದಿಂದಲೇ ದೋಷವನ್ನು ಗುರುತಿಸಿ ತೋರಿಸಿದರು. ಆ ವಿಡಿಯೊವನ್ನು ಅದೇ ಸಂಜೆ ಹೆಸರಿಟ್ಟು ಉಗ್ರಾಣಕ್ಕೆ ಸೇರಿಸಿದೆವು. ಮೊದಲ ವಿಡಿಯೊದಲ್ಲಿದ್ದ ಕಿವಿಯ ವಿದ್ಯೆ ಮಾತ್ರ ಮರಳಿ ಬರಲಿಲ್ಲ. ವಾಚಕರ ಮನೆಗಳಲ್ಲಿಯೂ ಹಿರಿಯರ ಕೈಕೆಲಸದ ಚಿತ್ರಗಳು ಯಾವುದಾದರೂ ಫೋನಿನಲ್ಲಿ ಹೆಸರಿಲ್ಲದೆ ಬಿದ್ದಿರಬಹುದು. ಈ ಭಾನುವಾರವೇ ಅವುಗಳಿಗೊಂದು ಹೆಸರನ್ನೂ ನೆಲೆಯನ್ನೂ ಒದಗಿಸಬೇಕೆಂದು ಬಿನ್ನವಿಸುತ್ತೇವೆ.