ಹಲ್ಲಿನ ಹುಳದ ಜನ್ಮವೃತ್ತಾಂತ

‘ಹಲ್ಲಿಗೆ ಹುಳ ಹತ್ತೇತ್ರಿ.’ ಹುಬ್ಬಳ್ಳಿ-ಧಾರವಾಡದಲ್ಲಿ ದವಡೆ ಹಿಡಿದುಕೊಂಡು ಬಂದವರು ಡಾಕ್ಟರ ಮುಂದೆ ಆಡುವ ಮೊದಲ ಮಾತು ಇದೇ. ಸತ್ತೂರಿನಲ್ಲಿ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು 1986ರಿಂದ ಇದೆ, ಮಾತು ಮಾತ್ರ ಹಳೆಯದೇ. ‘ಹುಳುಕು’ ಎಂಬ ಪದದೊಳಗೇ ಹುಳ ಕೂತಿರುವಾಗ ಅದು ಬದಲಾಗುವುದಾದರೂ ಹೇಗೆ? ಸುಶ್ರುತ ಸಂಹಿತೆಯೂ ಈ ರೋಗವನ್ನು ‘ಕೃಮಿದಂತಕ’ ಎಂದೇ ಕರೆದಿದೆ.

ಆ ಹುಳಕ್ಕೊಂದು ಜನ್ಮವೃತ್ತಾಂತ ಬರೆದಿಟ್ಟವರು ಬ್ಯಾಬಿಲೋನಿಯದವರು. ಬ್ರಿಟಿಷ್ ಮ್ಯೂಸಿಯಂನ ಮಣ್ಣಿನ ಹಲಗೆಯೊಂದರಲ್ಲಿ ಅದು ಹೀಗಿದೆ: ಅನು ದೇವರಿಂದ ಆಕಾಶ, ಆಕಾಶದಿಂದ ಭೂಮಿ, ಭೂಮಿಯಿಂದ ನದಿ, ನದಿಯಿಂದ ಕಾಲುವೆ, ಕಾಲುವೆಯಿಂದ ಕೆಸರು, ಕೆಸರಿನಿಂದ ಹುಳ. ಹುಟ್ಟಿದ ಹುಳ ಸೂರ್ಯದೇವ ಶಮಾಶನ ಮುಂದೆ ಅಳುತ್ತಾ ನಿಂತು ತನ್ನ ಪಾಲಿನ ಊಟವೇನೆಂದು ಕೇಳುತ್ತದೆ. ಮಾಗಿದ ಅಂಜೂರ ಕೊಟ್ಟರೆ ಒಲ್ಲೆನೆನ್ನುತ್ತದೆ. ಅದಕ್ಕೆ ಬೇಕಾದದ್ದು ಹಲ್ಲು, ವಸಡುಗಳ ನಡುವೆ ಒಂದಿಷ್ಟು ಜಾಗ.

ಕಥೆ ಮುಗಿದ ಮೇಲೆ ಬರುವ ಸಾಲುಗಳೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುತ್ತವೆ. ಕೀಲು ಚುಚ್ಚಿ ಹುಳದ ಕಾಲು ಹಿಡಿ. ಬಿಯರ್, ಮೊಳಕೆ ಧಾನ್ಯ, ಎಣ್ಣೆ ಕಲಸು. ಮಂತ್ರವನ್ನು ಮೂರು ಸಲ ಹೇಳಿ ಆ ಮದ್ದನ್ನು ಹಲ್ಲಿನ ಮೇಲಿಡು. ಅಲ್ಲಿ ಮಂತ್ರ ಹಾಕುವ ಆಶಿಪು ಬೇರೆ, ಮದ್ದು ಅರೆಯುವ ಅಸೂ ಬೇರೆ. ಆದರೂ ಇಬ್ಬರ ಕೆಲಸವೂ ಒಂದೇ ಹಲಗೆಯಲ್ಲಿ ಬೆರೆತಿದೆ. ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನೋವಿಗೊಂದು ಕಾರಣವಿದೆ, ಅದು ಹಲ್ಲಿನೊಳಗೇ ಇದೆ, ಅದನ್ನು ಹೊರಗೆ ತೆಗೆಯಬೇಕು ಎಂದು ಅವರು ಯೋಚಿಸಿದ್ದರು.

ಇವತ್ತು ರೂಟ್ ಕೆನಾಲ್ ಮಾಡುವಾಗ ಡಾಕ್ಟರು ಕೂದಲಿನಷ್ಟು ಸಪೂರದ ಮುಳ್ಳುಸೂಜಿಯನ್ನು ಹಲ್ಲಿನ ಬೇರಿನೊಳಗೆ ಇಳಿಸಿ, ತಿರುವಿ, ಮೆಲ್ಲಗೆ ಎಳೆಯುತ್ತಾರೆ. ಒಮ್ಮೊಮ್ಮೆ ತಿಳಿಗೆಂಪು ಬಣ್ಣದ ಒದ್ದೆ ಎಳೆಯೊಂದು ಇಡಿಯಾಗಿ ಸೂಜಿಗೆ ಸುತ್ತಿಕೊಂಡು ಬರುತ್ತದೆ. ಅದು ನರ, ರಕ್ತನಾಳಗಳಿರುವ ಹಲ್ಲಿನ ತಿರುಳು. ಥೇಟ್ ಹುಳದಂತೆಯೇ ಕಾಣುತ್ತದೆ.

ಹುಳ ಬೀಳಿಸಲು ನಮ್ಮಲ್ಲಿ ನೆಲಗುಳ್ಳದ ಬೀಜದ ಹೊಗೆ ಹಿಡಿಯುವುದುಂಟು, ಯುರೋಪಿನಲ್ಲಿ ಬೇರೆ ಗಿಡದ ಬೀಜ. ಹಾಗೆ ಬಿದ್ದ ‘ಹುಳ’ಗಳು ಕಾವಿಗೆ ಸಿಡಿದ ಬೀಜದ ಮೊಳಕೆಗಳು ಎಂದು 1757ರಲ್ಲೇ ಜರ್ಮನಿಯ ಶೇಫರ್ ಬರೆದ.

ಹಲ್ಲು ಕೊರೆಯುವ ನಿಜವಾದ ಜೀವಿ ಕಣ್ಣಿಗೆ ಕಾಣದು. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು 1890ರಲ್ಲಿ ವಿಲ್ಲೋಬಿ ಮಿಲ್ಲರ್ ವಿವರಿಸಿದರು. ಬ್ಯಾಬಿಲೋನಿನ ಹುಳ ಅಂಜೂರ ಬೇಡವೆಂದಿತ್ತು. ಈ ಜೀವಿಗಳು ಏನನ್ನೂ ಬೇಡವೆನ್ನುವುದಿಲ್ಲ, ಸಕ್ಕರೆಯಲ್ಲಿ ಹೊರಳಿಸಿದ ನಮ್ಮ ಧಾರವಾಡ ಪೇಢಾವನ್ನಂತೂ ಅಲ್ಲವೇ ಅಲ್ಲ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಕರಗತೊಡಗುತ್ತದೆ; ಜೊಲ್ಲು ಆ ಆಮ್ಲವನ್ನು ತಣಿಸಲು ಅರ್ಧ ಗಂಟೆಯಾದರೂ ಬೇಕು. ಹಾಗಾಗಿ ಗಂಟೆಗೊಂದರಂತೆ ನಾಲ್ಕು ಪೇಢಾ ತಿನ್ನುವ ಬದಲು, ನಾಲ್ಕನ್ನೂ ಊಟದ ಜೊತೆಗೇ ತಿಂದು ಬಾಯಿ ಮುಕ್ಕಳಿಸಿದರೆ ಹಲ್ಲಿಗೆ ಹಿತ.