'ಊಟ ಆಯ್ತಾ?' ಎಂದ ಮೇಲೆ ಉತ್ತರಕ್ಕೂ ಕಾಯಿರಿ

ಎದೆಬಡಿತ, ತಲೆನೋವು, ಹೊಟ್ಟೆಯುರಿ, ರಾತ್ರಿ ನಿದ್ದೆ ಬಾರದಿರುವುದು - ಇಂಥ ತೊಂದರೆಗಳನ್ನು ಹೇಳಿಕೊಂಡು ಬರುವ ನೌಕರರಲ್ಲಿ ಕೆಲವರಿಗೆ ಇ.ಸಿ.ಜಿ., ರಕ್ತಪರೀಕ್ಷೆ ಎಲ್ಲವೂ ಸರಿಯಾಗಿಯೇ ಇರುತ್ತವೆ. ಅಂಥವರನ್ನು ನಾನು ಕೇಳುವುದುಂಟು: 'ಆಫೀಸಿನಲ್ಲಿ ಮಧ್ಯಾಹ್ನ ಯಾರ ಜೊತೆ ಊಟ ಮಾಡ್ತೀರಿ?' ಸ್ವಲ್ಪ ಹೊತ್ತು ಸುಮ್ಮನಿದ್ದು, 'ಒಬ್ಬನೇ, ಡಾಕ್ಟ್ರೇ' ಎನ್ನುವವರು ಕಡಿಮೆಯಿಲ್ಲ. ಹೊಸ ಊರಿಗೆ ವರ್ಗವಾಗಿ ಬಂದವರು, ಹೆರಿಗೆ ರಜೆ ಮುಗಿಸಿ ಮರಳಿದವರು ಇವರಲ್ಲಿ ಹೆಚ್ಚು.

ಒಂಟಿತನವನ್ನು ದೇಹ ಅಪಾಯವೆಂದೇ ಎಣಿಸುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಹೆಚ್ಚು ಸ್ರವಿಸಿ ನಾಡಿಬಡಿತ, ರಕ್ತದೊತ್ತಡ ಏರುತ್ತವೆ, ನಿದ್ದೆ ಕೆಡುತ್ತದೆ. ಅಮೆರಿಕದ ಅಂದಿನ ಸರ್ಜನ್ ಜನರಲ್, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ 2023ರಲ್ಲಿ ಹೊರಡಿಸಿದ ವರದಿಯ ಪ್ರಕಾರ, ಜನರ ಒಡನಾಟ ಕಡಿಮೆ ಇರುವವರಲ್ಲಿ ಹೃದ್ರೋಗದ ಸಂಭವ ಶೇ. 29ರಷ್ಟು, ಪಾರ್ಶ್ವವಾಯುವಿನ ಸಂಭವ ಶೇ. 32ರಷ್ಟು ಹೆಚ್ಚು. 1997ರಲ್ಲಿ ಅಲ್ಲಿಯೇ ಪ್ರಕಟವಾದ ಒಂದು ಪ್ರಯೋಗದಲ್ಲಿ 276 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಇದ್ದ ಹನಿ ಹಾಕಿ ನೋಡಿದರು. ಮನೆಯವರು, ನೆರೆಯವರು, ಸಹೋದ್ಯೋಗಿಗಳು ಹೀಗೆ ಹಲವು ಬಗೆಯ ಒಡನಾಟವಿದ್ದವರಿಗೆ ನೆಗಡಿ ಕಡಿಮೆಯಾಯಿತು!

ದೊಡ್ಡ ಕಂಪನಿಗಳಲ್ಲಿ ಹೊಸಬರ ಸಂಕೋಚ ಬಿಡಿಸಲು ಆಟಗಳನ್ನು ಆಡಿಸುತ್ತಾರೆ. 'ನಿಮ್ಮ ಬಗ್ಗೆ ಎರಡು ನಿಜ, ಒಂದು ಸುಳ್ಳು ಹೇಳಿ' ಎಂಬುದು ಅಂಥದ್ದೊಂದು. ಆ ಹೊತ್ತಿಗೆ ನಗು ಬರುತ್ತದೆ, ನಿಜ. ಆದರೆ ಮರುದಿನ ಮಾತು ಮುಂದುವರಿಯದಿದ್ದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ಮಾತು ಆರಂಭಿಸಲು ನಮ್ಮಲ್ಲಿ 'ಊಟ ಆಯ್ತಾ?' ಇದ್ದೇ ಇದೆ. ತೊಂದರೆಯೆಂದರೆ ನಾವು ಅದನ್ನು ನಡೆಯುತ್ತಲೇ ಕೇಳಿ ಮುಂದೆ ಹೋಗಿಬಿಡುತ್ತೇವೆ. ಗುಣ ಇರುವುದು ಎರಡನೆಯ ಪ್ರಶ್ನೆಯಲ್ಲಿ. ಎದುರಿನವರ ಉತ್ತರವನ್ನೇ ಹಿಡಿದು ಇನ್ನೊಂದು ಮಾತು ಕೇಳುವವರನ್ನು ಜನ ಹೆಚ್ಚು ಮೆಚ್ಚುತ್ತಾರೆ ಎಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ್ದಾರೆ. ಉದಾಹರಣೆಗೆ:

'ಡಬ್ಬಿಗೆ ಏನು ತಂದಿದ್ದೀರಿ?'

'ಉಪ್ಪಿಟ್ಟು, ಸಾರ್.'

'ಮಧ್ಯಾಹ್ನಕ್ಕೂ ಉಪ್ಪಿಟ್ಟೇ?'

'ಅಮ್ಮನಿಗೆ ಹುಷಾರಿಲ್ಲ. ನಾನೇ ಮಾಡಿಕೊಂಡು ಬಂದೆ.'

ಇಷ್ಟು ಸಾಕು. ಎರಡು ದಿನ ಬಿಟ್ಟು 'ಅಮ್ಮ ಈಗ ಹೇಗಿದ್ದಾರೆ?' ಎಂದು ನೆನಪಿಟ್ಟು ಕೇಳಿದರೆ, ಪರಿಚಯ ಸ್ನೇಹಕ್ಕೆ ತಿರುಗಲು ಶುರುವಾಗುತ್ತದೆ.

'ಯಾವೂರು?' ಎನ್ನುವುದೂ ಒಳ್ಳೆಯ ಪ್ರಶ್ನೆಯೇ. ಆದರೆ ಅದರ ಬೆನ್ನಿಗೆ ಮನೆತನದ ಹೆಸರು, ಅಡ್ಡಹೆಸರು ಕೆದಕಿ ಜಾತಿಯನ್ನು ಪತ್ತೆ ಮಾಡಲು ಹೊರಡಬೇಡಿ. ಎದುರಿನವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಸಂಬಳ, ಮದುವೆಯ ವಿಷಯವೂ ಬೇಡ. ಮದುವೆಯಾದ ಹೆಣ್ಣುಮಕ್ಕಳನ್ನು 'ಏನಾದ್ರೂ ವಿಶೇಷ ಉಂಟಾ?' ಎಂದು ಕೇಳುವ ಚಾಳಿಯನ್ನಂತೂ ಬಿಡಲೇಬೇಕು. ಬಂಜೆತನದ ಚಿಕಿತ್ಸೆಯಲ್ಲಿರುವವರು ಈ ಒಂದು ಮಾತಿಗೆ ಹೆದರಿ ಊಟದ ಕೋಣೆಗೇ ಹೋಗುವುದಿಲ್ಲ.

ಸಂಕೋಚದ ಸ್ವಭಾವದವರನ್ನು ಎಲ್ಲರೆದುರು ಮಾತನಾಡಿಸಲು ಹೋಗಬಾರದು. 'ಕಾಫಿ ತರಿಸ್ತಿದ್ದೀನಿ, ನಿಮಗೂ ಹೇಳಲಾ?' ಎಂದರೆ ಸಾಕು. (ಸಕ್ಕರೆ ಕಾಯಿಲೆ ಇರುವವರು ಸಕ್ಕರೆ ಬೇಡವೆಂದು ಹೇಳಲು ಮರೆಯಬಾರದು.) ಬೇಡವೆಂದರೆ ಬಲವಂತ ಮಾಡದೆ ನಾಲ್ಕು ದಿನ ಬಿಟ್ಟು ಮತ್ತೆ ಕೇಳಿ. ಮೇಲಧಿಕಾರಿಗಳು ತಾವೇ ಮೊದಲು ಮಾತನಾಡಿಸುವುದು ಒಳ್ಳೆಯದು, ಏಕೆಂದರೆ ಕೆಳಗಿನವರು ಆ ಧೈರ್ಯ ಮಾಡುವುದು ಅಪರೂಪ.

ಇನ್ನೊಂದು ವಿಷಯ. ಎದೆಬಡಿತ, ಎದೆನೋವು ಇದ್ದರೆ ಒಂಟಿತನವೇ ಕಾರಣವೆಂದು ನೀವೇ ತೀರ್ಮಾನಿಸದೆ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ. ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಸರ ಕವಿದು, ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು. ವೈದ್ಯರನ್ನು ಕಾಣಿ, ಅಥವಾ ಸರ್ಕಾರ 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿಗೆ ಕರೆ ಮಾಡಿ. ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.