‘ಸೆರಿಂಗಪಟಂ’: ಒಂದು ಹಡಗಿನ ಚರಿತ್ರೆ ಮತ್ತು ಆಕರದ ಪ್ರಶ್ನೆ

ಶ್ರೀರಂಗಪಟ್ಟಣದ ಹೆಸರನ್ನು ಇಂಗ್ಲಿಷರ ಉಚ್ಚಾರಣೆಯಲ್ಲಿ ಹೊತ್ತ ಎರಡು ಹಡಗುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಶಾಂತಸಾಗರವನ್ನು ಸಂಚರಿಸಿದವು. ಅವುಗಳಲ್ಲಿ ಚಿಕ್ಕದನ್ನು ಟಿಪ್ಪು ಸುಲ್ತಾನನಿಗಾಗಿ ಕಟ್ಟಿದ ಯುದ್ಧನೌಕೆಯೆಂದು ಹೇಳುವ ರೂಢಿಯಿದೆ. ಆ ಮಾತಿನ ಆಧಾರವೇನು, ಅದನ್ನು ಎಷ್ಟರಮಟ್ಟಿಗೆ ಒಪ್ಪಬಹುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1812ರಲ್ಲಿ ಅಮೆರಿಕವು ಬ್ರಿಟನ್ನಿನ ಮೇಲೆ ಯುದ್ಧ ಸಾರಿದಾಗ ಈ ‘ಸೆರಿಂಗಪಟಂ’ ಇಂಗ್ಲೆಂಡಿನವರ ತಿಮಿಂಗಿಲ ಬೇಟೆಯ ಹಡಗಾಗಿತ್ತು. ಅಮೆರಿಕದ ‘ಎಸೆಕ್ಸ್’ ಯುದ್ಧನೌಕೆಯ ಕ್ಯಾಪ್ಟನ್ ಡೇವಿಡ್ ಪೋರ್ಟರನ ಪಡೆಯು 1813ರ ಜುಲೈ 13ರಂದು ಪೆರುವಿನ ಟುಂಬೆಸ್ ಸಮೀಪ ಇದನ್ನು ಸೆರೆಹಿಡಿಯಿತು. ಆಗ ಇದರಲ್ಲಿದ್ದ ಫಿರಂಗಿಗಳು 14. ಜೊತೆಗೆ ಸೆರೆಯಾದ ಹಡಗುಗಳ ಫಿರಂಗಿಗಳನ್ನು ಸೇರಿಸಿ ಪೋರ್ಟರ್ ಆ ಸಂಖ್ಯೆಯನ್ನು 22ಕ್ಕೆ ಏರಿಸಿದನು. ಬೇಟೆಯ ಹಡಗು ಹೀಗೆ ಅಮೆರಿಕದ ನೌಕಾಪಡೆಯನ್ನು ಸೇರಿತು. ಅಕ್ಟೋಬರಿನಲ್ಲಿ ಮಾರ್ಕೆಸಾಸ್ ದ್ವೀಪಸಮೂಹದ ನುಕುಹಿವಾವನ್ನು ತಲುಪಿದ ಪೋರ್ಟರ್, ಡಿಸೆಂಬರಿನಲ್ಲಿ ಅಲ್ಲಿಂದ ಹೊರಡುವಾಗ ಇದನ್ನು ಮತ್ತೆರಡು ಹಡಗುಗಳೊಡನೆ ಲೆಫ್ಟಿನೆಂಟ್ ಜಾನ್ ಗ್ಯಾಂಬಲನ ವಶಕ್ಕೆ ಬಿಟ್ಟನು. 1814ರ ಮೇ 7ರಂದು ದಂಗೆಯೆದ್ದವರು ಗ್ಯಾಂಬಲನನ್ನು ದೋಣಿಯೊಂದಕ್ಕೆ ಇಳಿಸಿ, ಹಡಗನ್ನು ಸಿಡ್ನಿಗೆ ಒಯ್ದರು. ಅಲ್ಲಿ ಅದು ಮರಳಿ ಬ್ರಿಟಿಷರ ಕೈಸೇರಿತು. ನೌಕಾಪಡೆಯಲ್ಲಿ ಅದರ ಸೇವೆ ಒಂದು ವರ್ಷವನ್ನೂ ಮುಟ್ಟಲಿಲ್ಲ.

ಟಿಪ್ಪುವಿನ ಉಲ್ಲೇಖವಿರುವುದು 1815ರಲ್ಲಿ ಪ್ರಕಟವಾದ ಪೋರ್ಟರನ ದಿನಚರಿಯಲ್ಲಿ. ಪೋರ್ಟರ್ ಹಡಗುಕಟ್ಟೆಯ ಸಾಕ್ಷಿಯಲ್ಲ, ಹಡಗನ್ನು ಗೆದ್ದವನು. ಗೆದ್ದ ಹಡಗಿನ ಹಿರಿಮೆ ಗೆದ್ದವನ ಹಿರಿಮೆಯೂ ಆಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಹಾಗೆಂದು ಅವನ ಮಾತು ಅಸಂಭವವೇನಲ್ಲ. 1796ರಲ್ಲಿ ಟಿಪ್ಪು ನೌಕಾಡಳಿತಕ್ಕಾಗಿ ವಿಸ್ತೃತ ಹುಕುಂನಾಮೆಯನ್ನು ಹೊರಡಿಸಿ, ಯುದ್ಧನೌಕೆಗಳನ್ನು ಕಟ್ಟಿಸುವ ಯೋಜನೆ ಹಾಕಿದ್ದನು. ಆದರೆ ಯೋಜನೆಯಿತ್ತು ಎಂಬುದು ಈ ಹಡಗೇ ಅದರ ಫಲವೆಂಬುದಕ್ಕೆ ಪುರಾವೆಯಾಗದು.

ಹಡಗಿನ ಹೆಸರೂ ಪುರಾವೆಯಲ್ಲ. 1819ರಲ್ಲಿ ಮುಂಬಯಿಯಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ತೇಗದ ಮರದಿಂದ ಕಟ್ಟಿದ 46 ಫಿರಂಗಿಗಳ ನೌಕೆಗೂ ಇದೇ ಹೆಸರಿತ್ತು. 1873ರಲ್ಲಿ ಒಡೆಯಲಾದ ಈ ಎರಡನೆಯ ‘ಸೆರಿಂಗಪಟಂ’ ಟಿಪ್ಪು ಮಡಿದು ಇಪ್ಪತ್ತು ವರ್ಷಗಳಾದ ಮೇಲೆ ನೀರಿಗಿಳಿದದ್ದು. ಸೋತ ರಾಜಧಾನಿಯ ಹೆಸರನ್ನು ಗೆದ್ದವರು ತಮ್ಮ ಹಡಗಿಗೆ ಇಟ್ಟುಕೊಂಡದ್ದಕ್ಕೆ ಅದು ನಿದರ್ಶನ.

ಆದ್ದರಿಂದ ಚಿಕ್ಕ ಹಡಗನ್ನು ‘ಟಿಪ್ಪುವಿನದೆಂದು ಪೋರ್ಟರ್ ಹೇಳಿದ ಹಡಗು’ ಎಂದು ಉಲ್ಲೇಖಿಸುವುದೇ ಉಚಿತ. ಟಿಪ್ಪುವಿನ ನೌಕಾಯೋಜನೆಯನ್ನು ಅರಿಯಲು ಹುಕುಂನಾಮೆಯೇ ಗಟ್ಟಿಯಾದ ಆಕರ. ಪೋರ್ಟರನ ದಿನಚರಿಯಾದರೋ, ಟಿಪ್ಪುವಿನ ಹೆಸರು ಅವನ ಮರಣದ ಹದಿನಾಲ್ಕು ವರ್ಷಗಳ ಬಳಿಕವೂ ದೂರದ ಕಡಲಿನ ನಾವಿಕರ ಬಾಯಲ್ಲಿತ್ತು ಎಂಬುದಕ್ಕೆ ಆಕರ.